ಇಪ್ಪತ್ತಮೂರನೇ ಸ್ಲೈಡು

ಕಾಗದದ ಗೋದಾಮಿನ ದೊಡ್ಡ ತೂಕದ ಯಂತ್ರ ಮೂರು ಮೂಲೆಗಳಲ್ಲಿ ನಿಜ ಹೇಳುತ್ತಿತ್ತು, ನಾಲ್ಕನೆಯದರಲ್ಲಿ ಸುಳ್ಳು ಹೇಳುತ್ತಿತ್ತು. ಇನ್ನೂರು ಕಿಲೋ ತೂಕದ ಬಟ್ಟುಗಳನ್ನು ಬಾಗಿಲ ಕಡೆಯ ಮೂಲೆಗೆ ಪೇರಿಸಿದರೆ ಮುಳ್ಳು ಇನ್ನೂರರ ಮೇಲೆ ನಿಲ್ಲುತ್ತಿತ್ತು. ಕಿಟಕಿ ಕಡೆಗೆ ಸರಿಸಿದರೂ ಅಷ್ಟೇ, ಕಂಬದ ಕಡೆಗೆ ಸರಿಸಿದರೂ ಅಷ್ಟೇ. ಗೋಡೆ ಕಡೆಯ ಮೂಲೆಗೆ ತಂದರೆ ಮಾತ್ರ ಒಂದೂವರೆ ಕಿಲೋ ಎಲ್ಲಿಗೋ ಹೋಗಿಬಿಡುತ್ತಿತ್ತು. ಬಟ್ಟು ಅವೇ, ಹಲಗೆ ಅದೇ, ಮುಳ್ಳೂ ಅದೇ.

ಹಾರೆಯಣ್ಣ ನಾಲ್ಕನೇ ಸಲ ಬಟ್ಟುಗಳನ್ನು ಇಳಿಸಿ ಗೋಡೆಗೆ ಒರಗಿ ಕೂತ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ. ಮೂವತ್ತೊಂದು ವರ್ಷ ಹಾರೆ ಹಿಡಿದು ಹಾರೆಯಣ್ಣ ಆದವನು. ವರ್ಷಕ್ಕೊಮ್ಮೆ, ತೂಕಕ್ಕೆ ಮುದ್ರೆ ಒತ್ತುವ ಅಧಿಕಾರಿ ಬರುವ ವಾರ, ಯಂತ್ರವನ್ನು ಪೂರ್ತಿ ಬಿಚ್ಚಿ, ಕಾಗದದ ಧೂಳು ಕೊಡವಿ, ತುಕ್ಕು ಉಜ್ಜಿ, ಮತ್ತೆ ಜೋಡಿಸುವುದು ಆ ಗೋದಾಮಿನ ಪದ್ಧತಿ. ಜೋಡಿಸುತ್ತಿದ್ದವರು ಮೇಸ್ತ್ರಿ. ಹಾರೆಯಣ್ಣ ಅವರ ಕೈಕೆಳಗಿನವನು. ಮೇಸ್ತ್ರಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಈ ವರ್ಷ ಬಿಚ್ಚಿದ್ದು ಹಾರೆಯಣ್ಣ ಒಬ್ಬನೇ. ಬಿಚ್ಚುವುದು ನೀರು ಕುಡಿದಷ್ಟು ಸಲೀಸಾಗಿ ಆಗಿತ್ತು.

ಹಲಗೆಯ ಕೆಳಗೆ ಸೊಂಟದಾಳದ ಗುಂಡಿ. ಗುಂಡಿಯೊಳಗೆ ನಾಲ್ಕು ಉದ್ದನೆಯ ಕಬ್ಬಿಣದ ಸನ್ನೆಗಳು. ಪ್ರತಿ ಸನ್ನೆಯ ಮೂತಿಗೂ ಒಂದೊಂದು ಕೊಂಡಿ. ಮೇಲೆ ಬಿದ್ದ ಭಾರವನ್ನು ಈ ಸನ್ನೆಗಳು ಕೈಯಿಂದ ಕೈಗೆ ದಾಟಿಸುವ ಹಾಗೆ ದಾಟಿಸಿ ಕಂಬದಲ್ಲಿರುವ ಮುಳ್ಳಿನವರೆಗೆ ಒಯ್ಯುತ್ತವೆ. ಮೂರು ಕೊಂಡಿಗಳನ್ನು ಹಾರೆಯಣ್ಣ ಕಣ್ಣು ಮುಚ್ಚಿಕೊಂಡು ಸಿಕ್ಕಿಸಬಲ್ಲ. ಗೋಡೆ ಕಡೆಯ ನಾಲ್ಕನೆಯದನ್ನು ಮಾತ್ರ ಅವನು ಒಂದು ಸಲವೂ ಸಿಕ್ಕಿಸಿದವನಲ್ಲ, ಸಿಕ್ಕಿಸುವುದನ್ನು ನೋಡಿದವನೂ ಅಲ್ಲ.

ಅದಕ್ಕೊಂದು ಕಾರಣವಿತ್ತು. ಹಾರೆಯಣ್ಣ ಕೆಲಸಕ್ಕೆ ಸೇರುವುದಕ್ಕೆ ಮೊದಲು, ಅದೇ ಮೂಲೆಯಲ್ಲಿ, ಹಾರೆಯಿಂದ ಸನ್ನೆಯನ್ನು ಎತ್ತಿ ಹಿಡಿದಿದ್ದ ಬೇರೊಬ್ಬ ಬಾಗಿಲ ಕಡೆ ಯಾರೋ ಕರೆದರೆಂದು ಕತ್ತು ತಿರುಗಿಸಿದ್ದ. ಹಾರೆ ಜಾರಿತು. ಸನ್ನೆ ಬಿದ್ದು ಸೀಳಿತು, ಮೇಸ್ತ್ರಿಯ ಎಡಗೈಯ ಎರಡು ಬೆರಳು ಹೋದವು, ಉಂಗುರದ್ದು ಮತ್ತು ಕಿರುಬೆರಳು. ಸೀಳಿದ ಸನ್ನೆಯ ಜಾಗಕ್ಕೆ ಗುಜರಿಗೆ ಹೋಗಬೇಕಿದ್ದ ಇನ್ಯಾವುದೋ ಯಂತ್ರದ ಸನ್ನೆಯನ್ನು ತಂದು ಹಾಕಿದರು. ಬೆರಳುಗಳ ಜಾಗಕ್ಕೆ ಏನೂ ಬರಲಿಲ್ಲ. ಅಂದಿನಿಂದ ಮೇಸ್ತ್ರಿಯದು ಒಂದೇ ಮಾತು. ಅವರು ಗೋಡೆ ಕಡೆ ಬಗ್ಗುವ ಮೊದಲು, ಈ ಕಡೆ ಹಾರೆ ಹಿಡಿದವನಿಗೆ, “ಕಣ್ಣು ಹಾರೆ ಮೇಲಿರ್ಲಿ” ಎನ್ನುತ್ತಿದ್ದರು. ಹಾರೆಯಣ್ಣ ಮೂವತ್ತೊಂದು ವರ್ಷವೂ ಕಣ್ಣನ್ನು ಹಾರೆಯ ಮೇಲೆಯೇ ಇಟ್ಟಿದ್ದ. ಹಾರೆಯ ತುದಿಯ ಪ್ರತಿಯೊಂದು ಗೀರೂ ಅವನಿಗೆ ಗೊತ್ತಿತ್ತು. ಆಚೆ ಕಡೆಯಿಂದ ಟಕ್ ಎನ್ನುವ ಸದ್ದು ಕೇಳುತ್ತಿತ್ತು, ಮೇಸ್ತ್ರಿ “ಹೂಂ” ಎನ್ನುತ್ತಿದ್ದರು, ಇವನು ಹಾರೆ ಇಳಿಸುತ್ತಿದ್ದ.

ಈಗ ಹಾರೆ ಹಿಡಿದಿದ್ದವನು ಒಬ್ಬ ಹಮಾಲಿ. ಐವತ್ತು ದಾಟಿದವನು, ಕಾಗದದ ಉರುಳೆಗಳನ್ನು ಉರುಳಿಸಿ ಉರುಳಿಸಿ ಅವನ ಹೆಗಲೂ ಉರುಳೆಯ ಹಾಗೇ ಆಗಿತ್ತು.

“ಕೊಂಡಿಗೆ ಎರಡು ಮುಖ, ಎರಡು ತುದಿ. ಎಷ್ಟಾಯ್ತು? ನಾಲ್ಕು ರೀತಿ. ನಾಲ್ಕೂ ಹಾಕಿ ನೋಡಿದ್ದಾಯ್ತು” ಎಂದ ಹಾರೆಯಣ್ಣ.

“ಐದನೇ ರೀತಿ ಹಾಕು.”

“ಐದನೇದು ಇಲ್ಲ.”

“ಹಾಗಾದ್ರೆ ಯಂತ್ರಾನ ತಿರುಗಿಸಿ ಇಡೋಣ. ಆ ಸಾಹೇಬ್ರು ಗೋಡೆ ಕಡೆಗೆ ಹೋಗೋದೇ ಬೇಡ.”

ಹಾರೆಯಣ್ಣನಿಗೆ ನಗು ಬರಲಿಲ್ಲ. ಅಧಿಕಾರಿ ಬರುವುದು ಶುಕ್ರವಾರ. ಅಂದು ಬುಧವಾರ. ಅಧಿಕಾರಿ ನಾಲ್ಕೂ ಮೂಲೆಗೆ ಬಟ್ಟು ಇಡಿಸಿಯೇ ನೋಡುತ್ತಾನೆ. ಮುದ್ರೆ ಬೀಳದಿದ್ದರೆ ಯಂತ್ರ ಗುಜರಿಗೆ ಎಂದು ಮ್ಯಾನೇಜರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಆ ಜಾಗಕ್ಕೆ ಕರೆಂಟಿನದು ಬರುತ್ತದೆ. ಅದನ್ನು ನೋಡಿಕೊಳ್ಳಲು ಕಂಪನಿಯವರೇ ಬರುತ್ತಾರೆ. ಅದಕ್ಕೆ ಹಾರೆ ಬೇಡ. ಹಾರೆ ಬೇಡವಾದ ಮೇಲೆ ಹಾರೆಯಣ್ಣ ಯಾಕೆ ಎನ್ನುವುದನ್ನು ಮ್ಯಾನೇಜರು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಸ್ಲೈಡುಗಳ ನೆನಪಾಗಿದ್ದು ಆಗ.

ಐದು ವರ್ಷದ ಹಿಂದೆ ಮೇಲಿನ ಆಫೀಸಿನಿಂದ ಒಂದು ಕಾಗದ ಬಂದಿತ್ತು. ಕೆಲಸ ಬಲ್ಲವರು ಬಾರದವರಿಗೆ ತೋರಿಸಿಕೊಡಬೇಕು, ಅದೂ ಪರದೆಯ ಮೇಲೆ, ಎಂದು. ಮೇಸ್ತ್ರಿಯ ಮಗಳು ಆ ವರ್ಷ ಯಂತ್ರ ಜೋಡಿಸುವಾಗ ಬಂದು ಮೊಬೈಲಿನಲ್ಲಿ ಚಿತ್ರ ತೆಗೆದಿದ್ದಳು. ಆಮೇಲೆ ಅವನ್ನೆಲ್ಲ ಪೋಣಿಸಿ, ಅಕ್ಷರ ಬರೆದು, ನಲವತ್ತೊಂದು ಸ್ಲೈಡು ಮಾಡಿದ್ದಳು. ಮಹಡಿಯ ಹಾಲಿನಲ್ಲಿ ದೀಪ ಆರಿಸಿ ತೋರಿಸಿದ್ದರು. ಹಿಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಹೋಗಿದ್ದರು, ಅದರಲ್ಲಿ ಹಾರೆಯಣ್ಣನೂ ಒಬ್ಬ. ತನಗೆ ಗೊತ್ತಿರುವ ಕೆಲಸವನ್ನು ತಾನೇ ಕೂತು ನೋಡುವುದೇನು ಎಂದುಕೊಂಡಿದ್ದ.

ಅವನು ಮಹಡಿ ಹತ್ತಿ ಗುಮಾಸ್ತೆಯ ಮೇಜಿನ ಮುಂದೆ ನಿಂತ. ಗುಮಾಸ್ತೆ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಹುಡುಕುತ್ತಿದ್ದಳು.

“ತಲೆ ಮೇಲಿದೆ” ಎಂದ ಹಾರೆಯಣ್ಣ.

“ಗೊತ್ತು. ಪೆನ್ನು ಹುಡುಕ್ತಿದ್ದೆ” ಎಂದು ಅವಳು ಕನ್ನಡಕ ಇಳಿಸಿಕೊಂಡಳು. “ಏನಣ್ಣ, ಮೇಲಿನವರೆಗೆ ಬಂದ್ರಿ?”

ಫೈಲು ಸಿಕ್ಕಿತು. ಪರದೆಯ ಮೇಲೆ ಮೊದಲನೆಯದು ಬಂತು, ಎರಡನೆಯದು ಬಂತು. ಹಾರೆಯಣ್ಣ ಬಾಗಿ ನಿಂತು ಒಂದೊಂದೇ ನೋಡಿದ. ಇಪ್ಪತ್ತಮೂರನೆಯದಕ್ಕೆ ಬಂದಾಗ “ನಿಲ್ಸು” ಎಂದ. ಒಂದೇ ಹಾಳೆಯಲ್ಲಿ ನಾಲ್ಕು ಚಿತ್ರ. ನಾಲ್ಕನೆಯದರಲ್ಲಿ ಗೋಡೆ ಕಡೆಯ ಕೊಂಡಿ. ಕೆಳಗೆ ಬರಹ. ಎರಡನೇ ತರಗತಿಗೆ ಶಾಲೆ ಬಿಟ್ಟವನು, ಒಂದೊಂದೇ ಅಕ್ಷರ ಕೂಡಿಸಿ ಓದಿದ. ಕೊಂಡಿಯನ್ನು ಸರಿಯಾದ ರೀತಿಯಲ್ಲಿ ಸಿಕ್ಕಿಸತಕ್ಕದ್ದು.

“ಸರಿಯಾದ ರೀತಿ ಅಂದ್ರೆ ಯಾವ ರೀತಿ?”

“ಅದನ್ನ ಬರೆದಿಲ್ಲಣ್ಣ.”

“ಇದೊಂದು ಹಾಳೆ ನಂಗೆ ತೆಗೆದುಕೊಡಮ್ಮ. ಗುಂಡಿ ಹತ್ರ ಇಟ್ಕೊಂಡು ನೋಡ್ತೀನಿ.”

ಗುಮಾಸ್ತೆ ಅಲ್ಲಿ ಒತ್ತಿದಳು, ಇಲ್ಲಿ ಒತ್ತಿದಳು. ಪ್ರಿಂಟ್ ಎನ್ನುವ ಅಕ್ಷರ ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು. ಕಾಪಿ ಎನ್ನುವುದೂ ಹಾಗೇ.

“ಪೂರ್ತಿ ಸಾಫ್ಟ್‌ವೇರ್ ನಮ್ಮ ಹತ್ರ ಇಲ್ಲ. ಮೊದ್ಲು ಇತ್ತು. ಅದರ ವಾಯಿದೆ ಮುಗೀತು, ಮೇಲಿನವರು ಮತ್ತೆ ಹಾಕಿಸಿಲ್ಲ. ಈಗ ಇರೋದು ಬರೀ ತೋರಿಸೋದು. ನೋಡ್ಬಹುದು, ಮುಟ್ಟೋ ಹಾಗಿಲ್ಲ.”

“ಅಂಗಡಿ ಗಾಜಿನೊಳಗಿನ ಬಟ್ಟೆ ಥರ.”

“ಹೂಂ, ಹಾಗೇ.”

ಆವತ್ತು ಸಂಜೆಯವರೆಗೆ ಹಾರೆಯಣ್ಣ ಆರು ಸಲ ಮಹಡಿ ಹತ್ತಿ ಇಳಿದ. ಮೇಲೆ ನೋಡುವಾಗ ಎಲ್ಲ ಅರ್ಥವಾದಂತೆ ಇರುತ್ತಿತ್ತು. ಇಪ್ಪತ್ತೆರಡು ಮೆಟ್ಟಿಲು ಇಳಿದು, ಉರುಳೆಗಳ ಸಾಲು ದಾಟಿ, ಗುಂಡಿಗೆ ಇಳಿಯುವಷ್ಟರಲ್ಲಿ ಕಣ್ಣ ಮುಂದಿನ ಚಿತ್ರ ಕರಗಿ ಹೋಗಿರುತ್ತಿತ್ತು. ಮನುಷ್ಯರ ಮುಖ, ಹೇಳಿದ ಮಾತು, ಯಾವ ವರ್ಷ ಯಾವ ಗೋಡೆಗೆ ಯಾವ ಬಣ್ಣ ಬಳಿದರು, ಇವೆಲ್ಲ ಅವನಿಗೆ ಮರೆಯದು. ಆದರೆ ಪರದೆಯ ಮೇಲೆ ನೋಡಿದ್ದು ಮನಸ್ಸಿನಲ್ಲಿ ನಿಲ್ಲಲಿಲ್ಲ. ಹಮಾಲಿ ಹಾರೆಗೆ ಗಲ್ಲ ಊರಿಕೊಂಡು, “ಮೇಲೆ ಏನಾದ್ರೂ ತಿಂಡಿ ಕೊಡ್ತಾರಾ ನಿಂಗೆ?” ಎಂದು ಕೇಳಿದ.

ಗುರುವಾರ ಬೆಳಿಗ್ಗೆ ಗುಮಾಸ್ತೆಯೇ ಒಂದು ಉಪಾಯ ಮಾಡಿದಳು. ಪರದೆಯ ಮೇಲೆ ಕಾಣುತ್ತಿರುವುದನ್ನು ಇದ್ದ ಹಾಗೇ ಹಿಡಿದಿಡುವ ಒಂದು ಕೀಲಿ ಕೀಬೋರ್ಡಿನಲ್ಲಿದೆ. ಅದನ್ನು ಒತ್ತಿ, ಹಿಡಿದದ್ದನ್ನು ಬೇರೆ ಕಡೆ ಅಂಟಿಸಿ, ಪ್ರಿಂಟು ತೆಗೆದು ಕೊಟ್ಟಳು. ಹಾರೆಯಣ್ಣ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಸ್ಲೈಡು ಬಂದಿತ್ತು, ಪೂರ್ತಿಯೇ ಬಂದಿತ್ತು. ಆದರೆ ನಾಲ್ಕನೇ ಚಿತ್ರ ಬೆಂಕಿಪೊಟ್ಟಣದ ಮೇಲಿನ ಚಿತ್ರದಷ್ಟೇ ಇತ್ತು. ಕೊಂಡಿಯೋ ನೆರಳೋ ತಿಳಿಯುತ್ತಿರಲಿಲ್ಲ. ಗುಮಾಸ್ತೆ ಅದನ್ನು ಹಿಗ್ಗಿಸಿ ಮತ್ತೊಂದು ತೆಗೆದಳು. ಅದು ಬರೀ ಚುಕ್ಕೆ ಚುಕ್ಕೆ, ನುಸಿ ತಿಂದ ಕಂಬಳಿಯ ಹಾಗೆ.

“ಮೂಲ ಚಿತ್ರ ಬೇಕು ಅಣ್ಣ. ಅದನ್ನ ತೆಗೆದವರ ಹತ್ರಾನೇ ಇರುತ್ತೆ.”

ಮೇಸ್ತ್ರಿಯ ಮನೆ ಗೋದಾಮಿನಿಂದ ಎರಡು ಬೀದಿ ಆಚೆ. ಮಗಳು ಆಸ್ಪತ್ರೆಯಲ್ಲಿ ನರ್ಸು, ಆ ವಾರ ಮಧ್ಯಾಹ್ನದ ಪಾಳಿ. ಬಾಗಿಲು ತೆಗೆದವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು.

“ಬನ್ನಿ ಚಿಕ್ಕಪ್ಪ. ಯಂತ್ರ ಕೂತ್ಕೊಂಡ್ತಾ?”

“ಮುಕ್ಕಾಲು ಭಾಗ ಕೂತಿದೆ. ಕಾಲು ಭಾಗ ನಿಂತೇ ಇದೆ” ಎಂದು ಹಾರೆಯಣ್ಣ ಬಂದ ಕೆಲಸ ಹೇಳಿದ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಆ ಮೊಬೈಲು ಯಾವತ್ತೋ ನೀರಿಗೆ ಬಿದ್ದು ಹೋಗಿತ್ತು. ಲ್ಯಾಪ್‌ಟಾಪು ಅಕ್ಕನ ಮನೆಗೆ ಹೋಗಿ, ಅಲ್ಲಿ ಅದರೊಳಗಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಕೊಂಡಿದ್ದರು. ಉಳಿದಿದ್ದರೆ ಆ ಫೈಲು ಮಾತ್ರ.

“ಯಾವ ಚಿತ್ರ ಚಿಕ್ಕಪ್ಪ, ನಿಮಗೆ ಬೇಕಾಗಿದ್ದು?”

“ಗೋಡೆ ಕಡೆ ಕೊಂಡೀದು. ಇಪ್ಪತ್ತಮೂರನೇದು.”

ಅವಳು ಸಮವಸ್ತ್ರದ ಕಾಲರನ್ನು ಸರಿಮಾಡಿದಳು. “ಅದರಲ್ಲಿ ಕೊಂಡಿ ಚೆನ್ನಾಗೇ ಕಾಣುತ್ತಲ್ಲ” ಎಂದಳು. ಆಮೇಲೆ ತಾನೇ, “ನಡೀರಿ, ಝೆರಾಕ್ಸ್ ಅಂಗಡೀಲಿ ಕೇಳೋಣ. ನಂಗೂ ಆ ಕಡೆಗೇ ಹೋಗ್ಬೇಕು” ಎಂದಳು.

ಗೋದಾಮಿನ ಗೇಟಿನ ಎದುರೇ ಝೆರಾಕ್ಸ್ ಅಂಗಡಿ. ಒಂದು ಕೋಣೆ, ಅದರಲ್ಲಿ ಎರಡು ಯಂತ್ರ, ಒಂದು ಕಂಪ್ಯೂಟರು, ಉಳಿದ ಜಾಗದಲ್ಲಿ ಅಂಗಡಿಯ ಒಡತಿ. ಅವಳನ್ನು ಎಲ್ಲರೂ ಝೆರಾಕ್ಸಕ್ಕ ಎನ್ನುತ್ತಿದ್ದರು. ಒಂದೇ ಮಾತನ್ನು ಎರಡೆರಡು ಸಲ ಹೇಳುವ ರೂಢಿ ಅವಳದು, ಆ ಹೆಸರು ಅಂಗಡಿಯಿಂದ ಬಂತೋ ರೂಢಿಯಿಂದ ಬಂತೋ ಹೇಳುವಂತಿರಲಿಲ್ಲ. ಗುಮಾಸ್ತೆ ಫೈಲನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಳು. ಹಾರೆಯಣ್ಣ ಅದನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ.

“ನಿಮ್ಮ ಹತ್ರ ಪೂರ್ತಿ ಸಾಫ್ಟ್‌ವೇರ್ ಇದೆಯಾ ಅಕ್ಕ?” ಎಂದಳು ಮಗಳು.

“ಇಲ್ಲ. ಬೇಕೂ ಇಲ್ಲ, ಬೇಕೂ ಇಲ್ಲ. ಏನು ತೆಗೀಬೇಕು?”

ಹಾರೆಯಣ್ಣ ಹೇಳಿದ. ಅವಳು ಅವನ ಚುಕ್ಕೆ ಚುಕ್ಕೆಯ ಹಾಳೆಯನ್ನು ನೋಡಿ ಮೂಗು ಮುರಿದಳು.

“ಇದು ಕಿಟಕೀಲಿ ಇಣುಕಿ ನೋಡಿದ ಹಾಗಾಯ್ತು ಯಜಮಾನ್ರೇ. ಬಾಗಿಲಿಂದ ಒಳಗೆ ಹೋಗ್ಬೇಕು. ಈ ಫೈಲು ಅಂದ್ರೇನು ಅಂದ್ಕೊಂಡಿದ್ದೀರಿ? ಇದೊಂದು ಗಂಟು. ಚಿತ್ರ ಒಂದು ಕಡೆ, ಬರಹ ಒಂದು ಕಡೆ, ಎಲ್ಲ ಒಳಗೆ ಬೇರೆ ಬೇರೆಯಾಗೇ ಇರುತ್ತೆ. ಮೇಲಿಂದ ಒಂದು ಬಟ್ಟೆ ಸುತ್ತಿರುತ್ತಾರೆ, ಅಷ್ಟೇ.”

ಅವಳು ಫೈಲಿನ ಒಂದು ನಕಲು ಮಾಡಿಕೊಂಡಳು. ನಕಲಿನ ಹೆಸರಿನ ಕೊನೆಯಲ್ಲಿದ್ದ ನಾಲ್ಕು ಅಕ್ಷರ ಅಳಿಸಿ ಬೇರೆ ಮೂರು ಅಕ್ಷರ ಬರೆದಳು. ಹೀಗೆ ಮಾಡಿದರೆ ಫೈಲು ಕೆಟ್ಟೀತು ಎಂದು ಕಂಪ್ಯೂಟರು ಎಚ್ಚರಿಸಿತು. “ಹೂಂ, ಹೂಂ. ಹೆದರಿಸ್ತಾನೇ ಇರುತ್ತೆ” ಎಂದು ಅವಳು ಗುಂಡಿ ಒತ್ತಿದಳು. ಫೈಲಿನ ಗುರುತು ಬದಲಾಗಿ ಒಂದು ಚೀಲದ ಹಾಗಾಯಿತು. ಅದನ್ನು ಬಿಚ್ಚಿದಳು. ಒಳಗೆ ಅರೆಗಳು. ಅರೆಯೊಳಗೆ ಅರೆ. ಅದರೊಳಗೊಂದು ಕಡೆ ಸಾಲಾಗಿ ಚಿತ್ರಗಳು, ತೊಂಬತ್ತಾರು.

“ಬರಹ ಬರಲ್ಲ. ಚಿತ್ರ ಮಾತ್ರ” ಎಂದಳು ಝೆರಾಕ್ಸಕ್ಕ. “ಸ್ಲೈಡಿನ ನಂಬರೂ ಬರಲ್ಲ. ಇದರಲ್ಲಿ ನಿಮ್ಮದು ಯಾವ್ದು ಅಂತ ನೀವೇ ಹೇಳ್ಬೇಕು.”

ಚಿತ್ರಗಳು ಹಿಂದುಮುಂದಾಗಿ ಬಿದ್ದಿದ್ದವು. ಅವಳು ಒಂದೊಂದನ್ನೇ ತೆರೆದಳು. ಒಂದೊಂದೂ ಪರದೆಯನ್ನು ತುಂಬಿ ಹೊರಗೆ ಚೆಲ್ಲುವಷ್ಟು ದೊಡ್ಡದಿತ್ತು. ಕಬ್ಬಿಣದ ಮೇಲಿನ ತುಕ್ಕಿನ ಕಣ ಎಣಿಸಬಹುದಿತ್ತು. ಹಾರೆಯಣ್ಣ ಸ್ಟೂಲಿನ ಮೇಲೆ ಕೂತು ಹೇಳುತ್ತ ಹೋದ.

“ಇದು ಬಾಗಿಲ ಕಡೆ ಸನ್ನೆ. ಬಿಡು. ಇದು ಕಂಬದ ಒಳಗಿಂದು, ಆವತ್ತು ಬಲ್ಬು ಹೋಗಿತ್ತು, ಬ್ಯಾಟರಿ ಹಿಡ್ಕೊಂಡು ತೆಗೆದಿದ್ದು. ಬಿಡು. ಇದು ನನ್ನ ಮೊಣಕಾಲು.”

“ನಿಮ್ಮ ಮೊಣಕಾಲು ಯಾವ ಸ್ಲೈಡಲ್ಲಿತ್ತು?” ಎಂದಳು ಝೆರಾಕ್ಸಕ್ಕ.

ಹಾರೆಯಣ್ಣ ಯೋಚಿಸಿದ. ಅವನ ಮೊಣಕಾಲು ಯಾವ ಸ್ಲೈಡಿನಲ್ಲೂ ಇರಲಿಲ್ಲ. ನಿನ್ನೆಯಿಂದ ಆ ನಲವತ್ತೊಂದನ್ನೂ ಆರು ಸಲ ನೋಡಿದ್ದಾನೆ. ಇದ್ದಿದ್ದರೆ ಗೊತ್ತಾಗುತ್ತಿತ್ತು.

“ಹಾಗಾದ್ರೆ ಕತ್ತರಿಸಿದ್ದಾರೆ” ಎಂದಳು ಅವಳು. “ಇದರಲ್ಲಿ ಕತ್ತರಿಸೋದು ಅಂದ್ರೆ ಕತ್ತರಿಸೋದಲ್ಲ, ಕತ್ತರಿಸೋದಲ್ಲ. ದರ್ಜಿ ಬಟ್ಟೆಯ ಅಂಚನ್ನ ಒಳಗೆ ಮಡಚಿ ಹೊಲೀತಾನಲ್ಲ, ಹಾಗೆ. ಬೇಡದ್ದು ಹೊರಗೆ ಕಾಣಲ್ಲ, ಆದ್ರೆ ಒಳಗಿರುತ್ತೆ. ನಾವೀಗ ಹೊಲಿಗೆ ಬಿಚ್ಚಿದ್ವಿ.”

ಮೇಸ್ತ್ರಿಯ ಮಗಳು ಬಾಗಿಲಿಗೆ ಒರಗಿ ನಿಂತು ಬೀದಿಯ ಕಡೆ ನೋಡುತ್ತಿದ್ದಳು.

ಅರವತ್ತೆಂಟನೇ ಚಿತ್ರ ತೆರೆದಾಗ ಹಾರೆಯಣ್ಣ “ಬಿಡು” ಎನ್ನಲಿಲ್ಲ.

ಗೋಡೆಯ ಸುಣ್ಣದ ಕಲೆ ಅವನಿಗೆ ಗೊತ್ತಿದ್ದದ್ದೇ. ಸ್ಲೈಡಿನಲ್ಲಿದ್ದ ಕೊಂಡಿ ಅಲ್ಲಿತ್ತು, ಚಿತ್ರದ ಬಲ ಅರ್ಧದಲ್ಲಿ. ಎಡ ಅರ್ಧದಲ್ಲಿ ಒಂದು ಕೈ ಇತ್ತು. ಮೂರು ಬೆರಳಿನ ಎಡಗೈ. ಉಗುರಿನ ಸಂದಿಯಲ್ಲಿ ಕಪ್ಪು, ಬೆರಳಿಲ್ಲದ ಕಡೆ ನಯವಾಗಿ ಮಡಚಿಕೊಂಡ ಚರ್ಮ. ಕೈ ಕೊಂಡಿಯನ್ನು ಮುಟ್ಟಿರಲಿಲ್ಲ. ಹೆಬ್ಬೆರಳು ಸನ್ನೆಯ ಮೂತಿಯ ಪಕ್ಕದಲ್ಲಿದ್ದ ಒಂದು ತೆಳ್ಳನೆಯ ತಗಡನ್ನು ಹಿಂದಕ್ಕೆ ಒತ್ತಿ ಹಿಡಿದಿತ್ತು. ತಗಡು ಹಿಂದೆ ಸರಿದ ಜಾಗದಲ್ಲಿ ಕೊಂಡಿಯ ದಪ್ಪದಷ್ಟೇ ಸಂದು ಬಿಟ್ಟಿತ್ತು, ಕೊಂಡಿ ಆ ಸಂದಿಗೆ ಇಳಿಯುತ್ತಿತ್ತು.

ಆ ತಗಡನ್ನು ಹಾರೆಯಣ್ಣ ನೋಡಿದ್ದ. ಬೇರೆ ಮೂರು ಸನ್ನೆಗಳಿಗೆ ಅದು ಇರಲಿಲ್ಲ. ಬೇರೆ ಯಂತ್ರದಿಂದ ಬಂದ ಸನ್ನೆ, ಅದರ ಜೊತೆ ಬಂದ ಧೂಳಿನ ಮುಚ್ಚಳ ಇರಬೇಕು ಎಂದುಕೊಂಡು, ಒರೆಸಿ ಬಿಟ್ಟಿದ್ದ. ನಾಲ್ಕು ರೀತಿಯಲ್ಲಿ ಹಾಕಿದಾಗಲೂ ಕೊಂಡಿ ಆ ತಗಡಿನ ಅಂಚಿನ ಮೇಲೆ ಕೂತಿರಬೇಕು. ಮೇಲಿನಿಂದ ನೋಡಿದರೆ ಸರಿಯಾಗಿ ಕೂತ ಹಾಗೇ ಕಾಣುತ್ತದೆ. ಭಾರ ಬಿದ್ದಾಗ ಉಜ್ಜುತ್ತದೆ. ಒಂದೂವರೆ ಕಿಲೋ ಹೋಗುತ್ತಿದ್ದದ್ದು ಅಲ್ಲಿ.

“ಇದೇ” ಎಂದ.

ಝೆರಾಕ್ಸಕ್ಕ ಚಿತ್ರದತ್ತ ನೋಡಿ, ಹಾರೆಯಣ್ಣನತ್ತ ನೋಡಿ, ಬಾಗಿಲಲ್ಲಿ ನಿಂತವಳತ್ತ ನೋಡಿ, ಪ್ರಿಂಟಿನ ಹಾಳೆ ಸರಿಪಡಿಸತೊಡಗಿದಳು.

“ನಾನೇ ಮಡಚಿದ್ದು ಚಿಕ್ಕಪ್ಪ” ಎಂದಳು ಮಗಳು. “ಅಷ್ಟು ದೊಡ್ಡ ಪರದೆ ಮೇಲೆ ಅಪ್ಪನ ಕೈ. ಮೇಲಿನ ಆಫೀಸಿಂದೆಲ್ಲ ಜನ ಬರ್ತಾರೆ ಅಂದಿದ್ರು. ಯಾರಾದ್ರೂ ಅದನ್ನೇ ನೋಡ್ತಾ ಕೂತ್ರೆ ಅಂತ.”

“ಮೇಸ್ತ್ರಿ ಏನಂದ್ರು?”

“ತೋರಿಸ್ದೆ. ‘ಕೊಂಡಿ ಕಾಣ್ತಿದೆ, ಸಾಕಲ್ವಾ’ ಅಂದೆ. ‘ಸಾಕು’ ಅಂದ್ರು.” ಅವಳು ತಡೆದು, “ಅವರು ಸುಳ್ಳು ಹೇಳೋರಲ್ಲ. ಆವತ್ತು ಹೇಳಿದ್ರು” ಎಂದಳು.

ಮೇಸ್ತ್ರಿಯ ಎಡಗೈ ಸಾಮಾನ್ಯವಾಗಿ ಜೇಬಿನಲ್ಲಿರುತ್ತಿತ್ತು ಎನ್ನುವುದು ಹಾರೆಯಣ್ಣನಿಗೆ ನೆನಪಾಯಿತು. ಗುಂಡಿಗೆ ಇಳಿದಾಗ ಮಾತ್ರ ಹೊರಗೆ ಬರುತ್ತಿತ್ತು.

“ಎರಡು ತೆಗಿಯಮ್ಮ” ಎಂದ ಝೆರಾಕ್ಸಕ್ಕನಿಗೆ. “ಒಂದು ಗುಂಡಿಗೆ. ಒಂದು ಇವಳಿಗೆ.”

“ನಂಗ್ಯಾಕೆ?”

“ಇಟ್ಕೋ. ನಿನ್ನ ಕೈಯಲ್ಲಿ ತೆಗೆದದ್ದು.”

ಮಗಳು ಹಾಳೆಯನ್ನು ಎರಡು ಮಡಿಕೆ ಮಾಡಲು ಹೋದಳು. ಆಮೇಲೆ ಮಡಚದೆ, ಅಂಗಡಿಯಿಂದಲೇ ಒಂದು ಗಟ್ಟಿ ಫೋಲ್ಡರು ಕೇಳಿ ಅದರೊಳಗಿಟ್ಟುಕೊಂಡು ಆಸ್ಪತ್ರೆಯ ಕಡೆ ಹೋದಳು.

ಮಧ್ಯಾಹ್ನ ಗುಂಡಿಯ ಹತ್ತಿರ ಹಮಾಲಿ ಹಾರೆಯ ಮೇಲೆ ಭಾರ ಬಿಟ್ಟು ನಿಂತ. ಹಾರೆಯಣ್ಣ ಗೋಡೆ ಕಡೆ ಬಗ್ಗಿದ. ಹಾಳೆಯನ್ನು ಕಣ್ಣೆದುರಿಗೆ ಸುಣ್ಣದ ಕಲೆಯ ಪಕ್ಕ ಒರಗಿಸಿಕೊಂಡಿದ್ದ.

“ಎತ್ತು. ಇನ್ನೂ ಸ್ವಲ್ಪ. ಸಾಕು. ಕಣ್ಣು ಹಾರೆ ಮೇಲಿರ್ಲಿ.”

ಹೇಳಿದ ಮೇಲೆ ಆ ಮಾತು ಎಲ್ಲಿಂದ ಬಂತು ಎಂದು ಅವನಿಗೇ ತಿಳಿಯಿತು. ಎಡಗೈ ಹೆಬ್ಬೆರಳಿನಿಂದ ತಗಡನ್ನು ಒತ್ತಿದ. ಐದು ಬೆರಳಿನ ಕೈಗೆ ಆ ಜಾಗ ಇಕ್ಕಟ್ಟಾಯಿತು. ಕೊನೆಯ ಎರಡು ಬೆರಳು ಮಡಚಿಕೊಂಡಾಗ ಕೈ ಒಳಗೆ ಹೋಯಿತು. ಕೊಂಡಿ ಇಳಿಯಿತು. ಟಕ್ ಎಂದಿತು. ಮೂವತ್ತೊಂದು ವರ್ಷ ಆಚೆ ಕಡೆಯಿಂದ ಕೇಳಿದ್ದ ಸದ್ದು, ಈ ವರ್ಷ ಇನ್ನೂ ಕೇಳದಿದ್ದ ಸದ್ದು, ಈಗ ಕಿವಿಯ ಬುಡದಲ್ಲೇ ಕೇಳಿತು.

“ಹೂಂ” ಎಂದ.

ಹಲಗೆ ಕೂರಿಸಿ ಬಟ್ಟುಗಳನ್ನು ಬಾಗಿಲ ಕಡೆ ಪೇರಿಸಿದರು, ಇನ್ನೂರು. ಕಿಟಕಿ ಕಡೆ, ಇನ್ನೂರು. ಕಂಬದ ಕಡೆ, ಇನ್ನೂರು. ಗೋಡೆ ಕಡೆಗೆ ಕೊನೆಯ ಬಟ್ಟು ಇಡುವಾಗ ಹಮಾಲಿ ಬೇಕೆಂದೇ ನಿಧಾನ ಮಾಡಿದ. ಮುಳ್ಳು ಏರಿತು, ಎರಡು ಸಲ ತೂಗಾಡಿತು, ಇನ್ನೂರರ ಮೇಲೆ ನಿಂತಿತು.

“ಐದನೇ ರೀತಿ ಇತ್ತಲ್ಲ” ಎಂದ ಹಮಾಲಿ.

“ಇತ್ತು.”

ಹಮಾಲಿ ಕೈ ಒರೆಸಿಕೊಂಡು ಹೊರಡಲು ನೋಡಿದ. ಹಾರೆಯಣ್ಣ ಹಲಗೆಯ ತಿರುಪುಗಳನ್ನು ಮತ್ತೆ ಸಡಿಲ ಮಾಡುತ್ತಿದ್ದ.

“ಏನು ಮಾಡ್ತಿದ್ದೀಯಾ? ಸರಿಯಾಗಿದ್ದನ್ನ ಯಾಕೆ ಬಿಚ್ಚೋದು? ತಲೆ ನೆಟ್ಟಗಿದೆಯಾ?”

“ಆ ಮರದ ದಿಮ್ಮಿ ಎರಡು ತಗೊಂಡು ಬಾ.”

ದಿಮ್ಮಿಗಳನ್ನು ಸನ್ನೆಯ ಕೆಳಗೆ ಒಂದರ ಮೇಲೊಂದು ಬಿಗಿಯಾಗಿ ಕೊಟ್ಟರು. ಹಾರೆಯಣ್ಣ ಹಾರೆಯ ಮೇಲಿನ ಭಾರ ಬಿಡಿಸಿ ನೋಡಿದ. ಸನ್ನೆ ಅಲುಗಲಿಲ್ಲ. ಇಷ್ಟು ಸುಲಭದ ಕೆಲಸ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೊಳೆದಿತ್ತು. ಹಾರೆಯಣ್ಣ ಸೇರಿದ ಎರಡನೇ ವರ್ಷವೇ ಮೇಸ್ತ್ರಿಗೆ ಹೇಳಿದ್ದ. ಮೇಸ್ತ್ರಿ ದಿಮ್ಮಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, “ಇದಕ್ಕೆ ಕಣ್ಣಿದೆಯಾ?” ಎಂದಿದ್ದರು. ಮತ್ತೆ ಅವನು ಆ ಮಾತು ಎತ್ತಲಿಲ್ಲ.

“ಈಗ ಈ ಕಡೆ ಬಾ” ಎಂದ ಹಮಾಲಿಗೆ. “ಬಗ್ಗು. ಈ ತಗಡು ನೋಡು. ಹೆಬ್ಬೆರಳು ಇಲ್ಲಿಡು. ಕೊನೇ ಎರಡು ಬೆರಳು ಮಡಚು, ಇಲ್ದಿದ್ರೆ ಕೈ ಹೋಗಲ್ಲ.”

“ನಾನು ಉರುಳೆ ಉರುಳಿಸೋನು. ನಂಗ್ಯಾಕೆ ಇದು?”

“ಮಡಚು.”

ಹಮಾಲಿ ಗೊಣಗುತ್ತಲೇ ಮಡಚಿದ. ಮೊದಲ ಸಲ ಕೊಂಡಿ ತಗಡಿನ ಮೇಲೆ ಕೂತಿತು, ಸದ್ದು ಬರಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೆಯ ಸಲ ಟಕ್ ಎಂದಿತು. ಹಮಾಲಿ ಕತ್ತೆತ್ತಿ ಹಾರೆಯಣ್ಣನನ್ನು ನೋಡಿದ. ಹಾರೆಯಣ್ಣ “ಇನ್ನೊಂದು ಸಲ” ಎಂದ.

ಶುಕ್ರವಾರ ಹನ್ನೊಂದಕ್ಕೆ ಅಧಿಕಾರಿ ಬಂದ. ಹೊಸಬ, ಬೂಟು ಹೊಳೆಯುತ್ತಿತ್ತು. ಮ್ಯಾನೇಜರು ಹಿಂದೆ ನಿಂತಿದ್ದರು, ಗುಮಾಸ್ತೆ ಮಹಡಿಯ ಮೆಟ್ಟಿಲಿನಿಂದ ನೋಡುತ್ತಿದ್ದಳು. ನಾಲ್ಕೂ ಮೂಲೆಗೆ ಬಟ್ಟು ಇಡಿಸಿದ. ಗೋಡೆ ಕಡೆಗೆ ಅವನು ಹೋಗುವುದು ಬೇಡ ಎಂದು ಯಾರೂ ಯಂತ್ರ ತಿರುಗಿಸಿರಲಿಲ್ಲ. ಅಲ್ಲಿ ಮುಳ್ಳು ಇನ್ನೂರರ ಮೇಲೆ ನಿಂತಾಗ ಅವನು ಬಗ್ಗಿ ಒಂದು ಸಲ ನೋಡಿ, ಸೀಸದ ಬಿಲ್ಲೆಗೆ ಮುದ್ರೆ ಒತ್ತಿದ.

“ಹಳೇದಾದ್ರೂ ಚೆನ್ನಾಗಿ ಇಟ್ಕೊಂಡಿದ್ದೀರಿ. ಯಾರು ನೋಡ್ಕೊಳ್ಳೋದು?”

“ಮೂರು ಜನ” ಎಂದ ಹಾರೆಯಣ್ಣ, ಮೇಸ್ತ್ರಿಯನ್ನೂ ಹಮಾಲಿಯನ್ನೂ ಲೆಕ್ಕಕ್ಕೆ ಹಿಡಿದು. ಮ್ಯಾನೇಜರು ಹುಬ್ಬು ಗಂಟಿಕ್ಕಿದರು. ಹಾಜರಿ ಪುಸ್ತಕದಲ್ಲಿ ಆ ಕೆಲಸಕ್ಕೆ ಇದ್ದವನು ಒಬ್ಬನೇ. ಆದರೆ ಮುದ್ರೆ ಬಿದ್ದಾಗಿತ್ತು. ಅವರು ಅಧಿಕಾರಿಯನ್ನು ಮಹಡಿಗೆ ಕರೆದೊಯ್ದರು.

ಹಾರೆಯಣ್ಣ ಕಂಬದ ಕಬ್ಬಿಣದ ಬಾಗಿಲು ತೆರೆದು, ಒಳಮೈಗೆ ಆ ಹಾಳೆಯನ್ನು ಅಂಟಿಸಿದ. ಧೂಳು ಕೂರದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಎಳೆದ. ಮುಂದಿನ ವರ್ಷ ಗುಂಡಿ ಬಿಚ್ಚುವವರು ಯಾರೇ ಆಗಲಿ, ಮೊದಲು ಆ ಬಾಗಿಲನ್ನು ತೆರೆಯಲೇಬೇಕು.

ಕೆಲವು ದಿನದ ನಂತರ ಗುಮಾಸ್ತೆ ಕೇಳಿದಳು, ಸ್ಲೈಡಿನಲ್ಲೂ ಆ ಚಿತ್ರವನ್ನು ಪೂರ್ತಿ ಬಿಡಿಸಿ ಹಾಕಬಾರದೇ ಎಂದು. ಮೇಸ್ತ್ರಿಯ ಮಗಳು ಹೂಂ ಎಂದಿದ್ದಳು, ಒಂದು ರಜೆಯ ದಿನ ಬಂದು ಕೂತಿದ್ದಳು ಕೂಡ. ಆಗಲಿಲ್ಲ. ಇಪ್ಪತ್ತಮೂರನೇ ಸ್ಲೈಡು ಆ ಕಂಪ್ಯೂಟರಿನಲ್ಲಿ ಈಗಲೂ ಮೊದಲಿನ ಹಾಗೇ ಇದೆ, ಕೊಂಡಿ ಹೊರಗೆ, ಕೈ ಒಳಗೆ. ಅದನ್ನು ಬಿಡಿಸಲು ಪೂರ್ತಿ ಸಾಫ್ಟ್‌ವೇರ್ ಬೇಕು.